ಮೊದಲು ಖಾಲಿಯಾದ ಗ್ಲಾಸು

ಗಿಣಿಗೇರಾದ ಉಕ್ಕಿನ ಕಾರ್ಖಾನೆಯೊಂದರ ಗೆಸ್ಟ್‌ಹೌಸಿನಲ್ಲಿ ಗಾದಿಲಿಂಗಪ್ಪ ಅಡುಗೆಯವನೂ ಹೌದು, ಕಾವಲಿನವನೂ ಹೌದು. ಈಚೆಗೆ ಯಾರೂ ಬಂದು ಇಳಿಯುವುದಿಲ್ಲವಾದ್ದರಿಂದ ಒಂದು ಲೆಕ್ಕದಲ್ಲಿ ಅಲ್ಲಿರುವ ಅತಿಥಿಯೂ ಅವನೇ. ಬೆಳಿಗ್ಗೆ ಎದ್ದು ಊಟದ ಮೇಜು ಒರೆಸುತ್ತಾನೆ. ಕಾರ್ಖಾನೆಯ ಕಪ್ಪು ಧೂಳು ಆ ಭಾಗದಲ್ಲಿ ಯಾರ ಅಪ್ಪಣೆಗೂ ಕಾಯದೆ ಒಳಗೆ ಬಂದು ಕೂರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೇಜು ಮತ್ತೆ ಕಪ್ಪಗಾಗಿರುತ್ತದೆ. ಮತ್ತೆ ಒರೆಸುತ್ತಾನೆ. ಯಾರೂ ಉಣ್ಣದ ಮೇಜನ್ನು ಹೀಗೆ ಒರೆಸುತ್ತ ಕೂರುವವನನ್ನು ಹುಚ್ಚ ಎನ್ನುವವರು ಅನ್ನಲಿ. ಅವನಿಗೆ ಬೇರೆ ಕೆಲಸ ಬರುವುದಿಲ್ಲ, ಬೇರೆ ಮನೆಯೂ ಇಲ್ಲ.

ಮನೆ ಇರಲಿಲ್ಲ ಎಂದಲ್ಲ. ಕರಿಯವ್ವ ಎಂಬ ಹೆಂಡತಿ ಇದ್ದಳು. ಮದುವೆಯಾಗಿ ಸರಿಯಾಗಿ ಒಬ್ಬರ ಮುಖ ಒಬ್ಬರಿಗೆ ರೂಢಿಯಾಗುವಷ್ಟರಲ್ಲಿ ಕಾಮಾಲೆ ಬಂದು ತೀರಿಕೊಂಡಳು. ಮಕ್ಕಳಾಗಿರಲಿಲ್ಲ. ಇನ್ನೊಂದು ಮಾಡಿಕೊ ಎಂದು ಅಕ್ಕ ಪಾರಮ್ಮ ಕುಷ್ಟಗಿಯಿಂದ ಬಂದು ಬಂದು ಹೇಳಿದಳು. ಗಾದಿಲಿಂಗಪ್ಪ "ಆತು ಬಿಡಕ್ಕಾ, ನೋಡೂಣು" ಎನ್ನುತ್ತಲೇ ಐವತ್ತು ದಾಟಿಬಿಟ್ಟ. ಬೇಡ ಎಂದು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಬೇಕು ಎಂದು ಹೇಳಿಯೂ ಇರಲಿಲ್ಲ.

ಈ ಗುಣ ಹುಟ್ಟಿನಿಂದ ಬಂದದ್ದೋ ಕೆಲಸದಿಂದ ಬಂದದ್ದೋ ಹೇಳುವುದು ಕಷ್ಟ. ಅಡುಗೆ ಕಲಿತದ್ದು ಮುನಿರಾಬಾದಿನಲ್ಲಿ, ನೀರಾವರಿ ಇಲಾಖೆಯ ಬಂಗಲೆಯಲ್ಲಿ. ಡ್ಯಾಮು ನೋಡಲು ಬರುವ ಸಾಹೇಬರಿಗೆ ಅಲ್ಲಿ ಶಬ್ಬೀರಸಾಬ ಎಂಬ ಮುದುಕ ಬಾಣಸಿಗ ಅಡುಗೆ ಮಾಡಿ ಹಾಕುತ್ತಿದ್ದ. ಅವನ ಕೈಯಲ್ಲಿ ಪಳಗಿದ ಗಾದಿಲಿಂಗಪ್ಪ ಎರಡು ಪಾಠ ಕಲಿತ.

"ಸಾಹೇಬ್ರನ್ನ ಅಡಿಗಿ ಹ್ಯಾಂಗಾಗೇತ್ರಿ ಅಂತ ಕೇಳಬ್ಯಾಡ," ಎನ್ನುತ್ತಿದ್ದ ಶಬ್ಬೀರಸಾಬ. "ಬಾಯಿ ಸುಳ್ಳು ಹೇಳತೈತಿ, ತಾಟು ಸುಳ್ಳು ಹೇಳೂದಿಲ್ಲ. ತಾಟಿನ್ಯಾಗ ಯಾವುದು ಮೊದಲ ಖಾಲಿ ಆತು ನೋಡು. ಅದು ಅವರಿಗೆ ಸೇರತೈತಿ ಅಂತ ತಿಳ್ಕೊ. ನಾಳೆ ಮತ್ತ ಅದನ್ನ ಮಾಡು."

ಇದು ಮೊದಲನೆಯದು. ಎರಡನೆಯದನ್ನು ಅವನು ಬೀಡಿ ಹಚ್ಚಿಕೊಂಡು, ಹೊಗೆ ಬಿಟ್ಟು, ಸಾವಕಾಶವಾಗಿ ಹೇಳಿದ್ದ. "ನಿನಗೇನು ಸೇರತೈತಿ ಅಂತ ಯಾರರ ಸಾಹೇಬ್ರು ಕೇಳಿದ್ರ, ನಿಮಗ ಸೇರಿದ್ದ ನನಗೂ ಸೇರತೈತ್ರಿ ಅನ್ನು. ನೌಕರಿ ಉಳಿತೈತಿ."

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ಶಬ್ಬೀರಸಾಬ ಊಟವನ್ನೂ ಪರರಿಚ್ಛೆಗೆ ಸೇರಿಸಿಬಿಟ್ಟ. ಅವನನ್ನು ಬೈದು ಪ್ರಯೋಜನವಿಲ್ಲ, ಅವನ ಹೊಟ್ಟೆ ತುಂಬಿದ್ದು ಅದರಿಂದಲೇ. ಗಾದಿಲಿಂಗಪ್ಪನ ಹೊಟ್ಟೆಯೂ ಅದರಿಂದಲೇ ತುಂಬಿತು. ಎರಡನೆಯ ಪಾಠವನ್ನು ಬಳಸುವ ಪ್ರಸಂಗ ಮಾತ್ರ ಬಹಳ ವರ್ಷ ಬರಲಿಲ್ಲ. ಅಡುಗೆಯವನಿಗೆ ಏನು ಸೇರುತ್ತದೆ ಎಂದು ಯಾವ ಸಾಹೇಬ ಕೇಳುತ್ತಾನೆ?

ಕೇಳಿದವನು ಕ್ಲೌಸ್.

ಕ್ಲೌಸ್ ಜರ್ಮನಿಯವನು. ಕಾರ್ಖಾನೆಗೆ ಹೊಸದಾಗಿ ತರಿಸಿದ ದೊಡ್ಡ ಯಂತ್ರವನ್ನು ಜೋಡಿಸಿ, ಓಡಿಸಿ, ಇಲ್ಲಿಯವರಿಗೆ ಕಲಿಸಿಕೊಟ್ಟು ಹೋಗಲು ಬಂದಿದ್ದ. ಗಾದಿಲಿಂಗಪ್ಪನಿಗಿಂತ ನಾಲ್ಕಾರು ವರ್ಷ ದೊಡ್ಡವನು. ಹೆಂಡತಿ ಬಿಟ್ಟುಹೋಗಿದ್ದಳು, ಒಬ್ಬಳೇ ಮಗಳು ಬೇರೆ ಊರಿನಲ್ಲಿದ್ದಳು. ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಬಿಸಿಲಿಗೆ ಮೂಗು ಸದಾ ಕೆಂಪು. ಬಂದ ಮೊದಲ ವಾರ ಗಾದಿಲಿಂಗಪ್ಪ ಅವನ ತಟ್ಟೆಯನ್ನು ಶಬ್ಬೀರಸಾಬನ ಕಣ್ಣಿನಿಂದ ನೋಡಿದ. ಒಂದು ದಿನ ಹಾಗಲಕಾಯಿ ಪಲ್ಯ ಮಾಡಿದ್ದ, ಜೊತೆಗೆ ಬೆಲ್ಲ ಹಾಕಿದ ಗೋಧಿ ಹುಗ್ಗಿ. ಕ್ಲೌಸ್ ಕೂತವನೇ ಹಾಗಲಕಾಯಿಯನ್ನು ಗಬಗಬನೆ ತಿಂದು ಮುಗಿಸಿದ. ಅಬ್ಬಾ, ಇಂಥ ಕಹಿಯನ್ನು ಇಷ್ಟು ಪ್ರೀತಿಯಿಂದ ತಿನ್ನುವ ಬಿಳಿಯನನ್ನು ಕಂಡೇ ಇರಲಿಲ್ಲ ಎಂದು ಗಾದಿಲಿಂಗಪ್ಪನಿಗೆ ಸಂತೋಷವಾಯಿತು. ಅಂದಿನಿಂದ ವಾರಕ್ಕೆರಡು ಸಲ ಹಾಗಲಕಾಯಿ ತಪ್ಪಲಿಲ್ಲ. ಕ್ಲೌಸ್ ಪ್ರತಿ ಸಲವೂ ಅದನ್ನೇ ಮೊದಲು ಮುಗಿಸುತ್ತಿದ್ದ. ಗಾದಿಲಿಂಗಪ್ಪ ಪ್ರತಿ ಸಲವೂ ಇನ್ನೊಂದು ಸೌಟು ಹಾಕುತ್ತಿದ್ದ.

ಮೊದಲ ರಜೆಗೆ ಊರಿಗೆ ಹೋಗಿ ಬಂದಾಗ ಕ್ಲೌಸ್ ತನ್ನ ಕಾಲುಚೀಲಗಳಲ್ಲಿ ಸುತ್ತಿದ ಬಿಯರ್ ಬಾಟಲಿಗಳನ್ನು ತಂದ. ಸಂಜೆ ತಣ್ಣಗೆ ತಂದುಕೊಡು ಎಂದು ಹೇಳಿ ಡ್ಯೂಟಿಗೆ ಹೋದ. ಗಾದಿಲಿಂಗಪ್ಪ ಸಂಜೆ ಒಂದು ಬಾಟಲಿ ತೆಗೆದು ಬೆಳಕಿಗೆ ಹಿಡಿದು ನೋಡಿದರೆ ಒಳಗೆಲ್ಲ ರಾಡಿ, ತಳದಲ್ಲಿ ಗಸಿ. ಅಯ್ಯೋ ಪಾಪ, ಅಷ್ಟು ದೂರದಿಂದ ಹೊತ್ತು ತಂದದ್ದು ಹಾದಿಯಲ್ಲೇ ಕೆಟ್ಟುಹೋಗಿದೆ, ಸಾಹೇಬರು ನೋಡಿದರೆ ನೊಂದುಕೊಳ್ಳುತ್ತಾರೆ ಎಂದುಕೊಂಡ. ಚಹಾ ಸೋಸುವ ಬಿಳಿ ಅರಿವೆಯನ್ನು ತೊಳೆದು, ಎರಡು ಮಡಿಕೆ ಮಾಡಿ, ಇಡೀ ಬಾಟಲಿಯನ್ನು ಜಗ್ಗಿಗೆ ಸೋಸಿದ. ಗಸಿ ಅರಿವೆಯಲ್ಲಿ ಉಳಿಯಿತು, ನೊರೆಯೆಲ್ಲ ಸತ್ತಿತು. ತಿಳಿಯಾದ ಹಳದಿ ನೀರನ್ನು ಹೆಮ್ಮೆಯಿಂದ ಒಯ್ದು ಮುಂದಿಟ್ಟ.

ಕ್ಲೌಸ್ ಗ್ಲಾಸನ್ನು ನೋಡಿದ, ಗಾದಿಲಿಂಗಪ್ಪನ ಹೆಗಲ ಮೇಲಿದ್ದ ಒದ್ದೆ ಅರಿವೆಯನ್ನು ನೋಡಿದ. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಕ್ಕು ಮುಗಿದ ಮೇಲೆ ಇನ್ನೊಂದು ಬಾಟಲಿ ತರಿಸಿ ಸುರಿಯುವ ರೀತಿ ತೋರಿಸಿಕೊಟ್ಟ. ಉದ್ದನೆಯ ಗ್ಲಾಸನ್ನು ಓರೆ ಹಿಡಿಯಬೇಕು, ಸಾವಕಾಶ ಸುರಿಯಬೇಕು, ಕೊನೆಯ ಗುಟುಕಿನಷ್ಟು ಬಾಟಲಿಯಲ್ಲೇ ಉಳಿಸಬೇಕು. ಆ ಬಾಟಲಿಯನ್ನು ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡಗೋಲಿನ ಹಾಗೆ ಹೊರಳಿಸಿ, ತಳದ ಗಸಿಯನ್ನೆಲ್ಲ ಎಬ್ಬಿಸಿ, ನೊರೆಯ ಮೇಲೆ ಹೊಯ್ಯಬೇಕು. ಇದು ಗೋಧಿಯ ಬಿಯರು, ಇದರ ಜೀವವೇ ಗಸಿಯಲ್ಲಿದೆ ಎಂದು ಅವನು ತನ್ನ ಮುರುಕು ಹಿಂದಿಯಲ್ಲಿ, ಇವನಿಗೆ ತಿಳಿಯುವಷ್ಟು ಇಂಗ್ಲಿಷಿನಲ್ಲಿ, ಉಳಿದದ್ದನ್ನು ಕೈಸನ್ನೆಯಲ್ಲಿ ಹೇಳಿದ. ಗೋಧಿಯಿಂದ ಹುಗ್ಗಿ ಮಾಡುವುದು ಬಿಟ್ಟು ಇವರು ಇದೇನು ಮಾಡುತ್ತಾರಪ್ಪ ಎಂದು ಗಾದಿಲಿಂಗಪ್ಪನಿಗೆ ಅನ್ನಿಸಿತು. ಅಷ್ಟರಲ್ಲಿ ಕ್ಲೌಸ್ ಇನ್ನೊಂದು ಗ್ಲಾಸಿಗೆ ಅರ್ಧ ಸುರಿದು, ಪಕ್ಕದ ಕುರ್ಚಿಯನ್ನು ಎಳೆದು, ಕೂರು ಎಂದ.

ಗೆಸ್ಟ್‌ಹೌಸಿನಲ್ಲಿ ಅವನು ಒರೆಸಿದ ಕುರ್ಚಿಗಳಿಗೆ ಲೆಕ್ಕವಿಲ್ಲ. ಅವನಿಗಾಗಿ ಒಬ್ಬರು ಎಳೆದ ಕುರ್ಚಿ ಅದೊಂದೇ. ಅವನು ಅದರ ಅಂಚಿನ ಮೇಲೆ, ಯಾರಾದರೂ ಕರೆದರೆ ತಕ್ಷಣ ಏಳಲು ಅನುಕೂಲವಾಗುವ ಹಾಗೆ ಕೂತ.

ಆಮೇಲೆ ದಿನಾ ಸಂಜೆ ಕೂರುವುದು ರೂಢಿಯಾಯಿತು. ಬಿಯರ್ ಇದ್ದರೆ ಬಿಯರ್, ಮುಗಿದಿದ್ದರೆ ಚಹಾ. ಮಾತು ಕಡಿಮೆ. ಕ್ಲೌಸ್ ಕನ್ನಡದಲ್ಲಿ ಸಾಕು, ಛಲೋ, ಯಾವ್ದು ಎಂಬ ಮೂರು ಮಾತು ಕಲಿತಿದ್ದ, ಅಷ್ಟರಲ್ಲೇ ಸಂಸಾರ ಸಾಗಿಸುತ್ತಿದ್ದ. ಎದುರಿಗೆ ಕಾರ್ಖಾನೆಯ ಚಿಮಣಿ, ಅದರಾಚೆ ಮುಳುಗುವ ಹೊತ್ತು. ಗೂಡ್ಸ್ ಗಾಡಿಯೊಂದು ಹೋಗುತ್ತಿತ್ತು, ಇಬ್ಬರೂ ಅದು ಪೂರ್ತಿ ಹೋಗುವವರೆಗೆ ನೋಡುತ್ತಿದ್ದರು. ಗಾದಿಲಿಂಗಪ್ಪನಿಗೆ ಮಧ್ಯಾಹ್ನದಿಂದಲೇ ಸಂಜೆಯ ದಾರಿ ಕಾಯುವ ಚಟ ಹತ್ತಿತು. ಕರಿಯವ್ವ ಹೋದ ಮೇಲೆ ಅವನು ಯಾವ ಹೊತ್ತಿನ ದಾರಿಯನ್ನೂ ಕಾದಿರಲಿಲ್ಲ.

ಎರಡನೆಯ ರಜೆಯಿಂದ ಬರುವಾಗ ಕ್ಲೌಸ್ ಮೂರು ಬಗೆಯ ಗೋಧಿ ಬಿಯರು ತಂದ. ಅವುಗಳ ಹೆಸರು ಗಾದಿಲಿಂಗಪ್ಪನ ನಾಲಿಗೆಗೆ ಹೊರಳುವಂಥವಲ್ಲ, ಆದ್ದರಿಂದ ಚೀಟಿ ನೋಡಿ ತಾನೇ ಹೆಸರಿಟ್ಟ. ಒಂದರ ಮೇಲೆ ಬೋಳುತಲೆಯ ಸನ್ಯಾಸಿಯ ಚಿತ್ರವಿತ್ತು, ಅದು ಸ್ವಾಮಿ ಬಾಟಲಿ. ಒಂದರ ಮೇಲೆ ನೀಲಿ ಚೌಕಡಿ, ಅದು ಲುಂಗಿ ಬಾಟಲಿ. ಮೂರನೆಯದರ ಬಿಯರೇ ಕಪ್ಪಗೆ ಕಾಕಂಬಿಯ ಬಣ್ಣ, ಅದು ಕರೇದು. ಕ್ಲೌಸ್ ಮೂರನ್ನೂ ಆರು ಗ್ಲಾಸುಗಳಿಗೆ ಸುರಿದು, ಮೂರು ತನ್ನ ಮುಂದೆ, ಮೂರು ಇವನ ಮುಂದೆ ಇಟ್ಟ. ಇವನತ್ತ ಬೆರಳು ತೋರಿಸಿ ಕೇಳಿದ.

"ಯಾವ್ದು?"

ನಿನಗೆ ಇವುಗಳಲ್ಲಿ ಯಾವುದು ಸೇರುತ್ತದೆ, ಹೇಳು, ಮುಂದಿನ ಸಲ ಅದನ್ನೇ ತರುತ್ತೇನೆ ಎಂದು ಅದರ ಅರ್ಥ. ಗಾದಿಲಿಂಗಪ್ಪ ಒಂದೊಂದನ್ನೂ ಗುಟುಕರಿಸಿದ. ಎಲ್ಲವೂ ಛಲೋ ಅದಾವ ಎಂದ. ಕ್ಲೌಸ್ ತಲೆಯಾಡಿಸಿದ, ಎಲ್ಲವೂ ನಡೆಯುವುದಿಲ್ಲ, ಒಂದೇ. ಆಗ ಗಾದಿಲಿಂಗಪ್ಪ ಮಾಡಿದ್ದು ಇಷ್ಟೇ. ಎದುರಿನ ಮೂರು ಗ್ಲಾಸುಗಳ ಮೇಲೆ ಕಣ್ಣಿಟ್ಟು ಕಾದ. ಕ್ಲೌಸ್ ಸ್ವಾಮಿ ಬಾಟಲಿಯ ಗ್ಲಾಸನ್ನು ಮೊದಲು ಖಾಲಿ ಮಾಡಿದ. ಗಾದಿಲಿಂಗಪ್ಪ ತಕ್ಷಣ ತನ್ನ ಮುಂದಿದ್ದ ಅದೇ ಬಿಯರಿನ ಗ್ಲಾಸನ್ನು ಮುಟ್ಟಿ ತೋರಿಸಿದ. "ಇದ ರೀ ಸಾಹೇಬ್ರ."

ಕ್ಲೌಸ್ ತನ್ನ ಖಾಲಿ ಗ್ಲಾಸನ್ನೊಮ್ಮೆ ನೋಡಿ, "ಛಲೋ" ಎಂದ.

ಅಲ್ಲಿಂದ ಮುಂದೆ ಎರಡು ವರ್ಷ, ಪ್ರತಿ ರಜೆಯ ನಂತರ ಸ್ವಾಮಿ ಬಾಟಲಿಗಳೇ ಬಂದವು. ಗಾದಿಲಿಂಗಪ್ಪನಿಗೆ ಒಳಗೊಳಗೇ ಹೆಮ್ಮೆ. ಸಾಹೇಬರಿಗೆ ಸೇರುವುದನ್ನು ಅವರ ಬಾಯಿಂದ ಹೇಳಿಸದೆ ಪತ್ತೆ ಹಚ್ಚಿದೆ, ಅದು ತನ್ನಿಂದಾಗಿ ಅವರಿಗೆ ಸಿಗುತ್ತಿದೆ ಎಂದು.

ಈ ವರ್ಷ ಬೇಸಗೆ ಶುರುವಾಗುವಾಗ ಯಂತ್ರದ ಕೆಲಸ ಮುಗಿಯುತ್ತ ಬಂದಿತ್ತು. ಕ್ಲೌಸ್ ಕೊನೆಯ ಸಲ ಬಂದ. ಬ್ಯಾಗಿನಿಂದ ಸ್ವಾಮಿ, ಲುಂಗಿ, ಕರೇದು ಮೂರೂ ಹೊರಬಂದದ್ದು ನೋಡಿ ಗಾದಿಲಿಂಗಪ್ಪನಿಗೆ ಆಶ್ಚರ್ಯವಾಯಿತು. ಕ್ಲೌಸ್ ಅವನ್ನು ಫ್ರಿಜ್ಜಿನಲ್ಲಿಟ್ಟು, ಬೆರಳಾಡಿಸಿ ಹೇಳಿದ, ಭಾನುವಾರ ಮತ್ತೆ ಪರೀಕ್ಷೆ. ಈ ಸಲ ನಾನು ಕುಡಿಯುವುದಿಲ್ಲ. ನೀನೊಬ್ಬನೇ ಕುಡಿದು ಹೇಳಬೇಕು. ಅದೇಕೆ ಹಾಗೆ ಎಂದು ಗಾದಿಲಿಂಗಪ್ಪನಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ಭಾನುವಾರ ಬರುವ ಮೊದಲೇ ಕ್ಲೌಸ್‌ಗೆ ಎದೆನೋವು ಬಂತು. ಕಾರ್ಖಾನೆಯ ಕಾರು ಹೈದರಾಬಾದಿಗೆ ಕರೆದೊಯ್ದಿತು, ಅಲ್ಲಿಂದ ವಿಮಾನ ಅವನ ದೇಶಕ್ಕೆ. ಕಾರು ಹತ್ತುವಾಗ ಅವನು ಗಾದಿಲಿಂಗಪ್ಪನ ಕೈ ಹಿಡಿದು ಫ್ರಿಜ್ಜಿನ ದಿಕ್ಕಿಗೆ ಕಣ್ಣು ಮಿಟುಕಿಸಿದ. ಬಾಟಲಿಗಳು ಅಲ್ಲೇ ಇರಲಿ, ಬಂದು ನೋಡಿಕೊಳ್ಳೋಣ ಎಂಬಂತೆ. ಗಾದಿಲಿಂಗಪ್ಪ ಅವನ್ನು ಕಾಯ್ದ. ಮೇಜು ಒರೆಸುವುದು, ಫ್ರಿಜ್ಜು ತೆಗೆದು ನೋಡುವುದು, ಮುಚ್ಚುವುದು.

ಶ್ರಾವಣದ ಒಂದು ಸಂಜೆ ಸುಭಾಷ್ ಬಂದ. ಕ್ಲೌಸ್ ಕೈಕೆಳಗೆ ಕೆಲಸ ಕಲಿತ ಹುಡುಗ ಎಂಜಿನಿಯರು, ಕೊಪ್ಪಳದವನು. ಚಹಾ ಬೇಡ ಎಂದು ನಿಂತೇ ಹೇಳಿದ. "ಕಾಕಾ, ಕ್ಲೌಸ್ ಸಾಹೇಬ್ರು ಹೋದ್ರಂತ. ಮಗಳು ಮೆಸೇಜ್ ಕಳಿಸ್ಯಾಳ."

ಗಾದಿಲಿಂಗಪ್ಪ "ಹೌದ್ರಿ?" ಎಂದ. ಆಮೇಲೆ ಮೇಜು ಒರೆಸಲು ಶುರು ಮಾಡಿದ. ಸುಭಾಷ್ ಹೊರಟುಹೋದ. ಅಳಬೇಕಾದರೂ ಮನುಷ್ಯನಿಗೆ ಒಂದು ಹಕ್ಕು ಬೇಕಾಗುತ್ತದೆ. ತನಗೆ ಅವನು ಏನಾಗಬೇಕು? ಅಣ್ಣನಲ್ಲ, ತಮ್ಮನಲ್ಲ. ಬಂದು ಇಳಿದುಕೊಂಡಿದ್ದ, ತಾನು ಅಡುಗೆ ಮಾಡಿ ಹಾಕಿದ್ದ. ಲೋಕ ಕೇಳಿದರೆ ಇಷ್ಟೇ ಹೇಳಬೇಕು. ಆದರೆ ಸಂಜೆಯಾದರೆ ಅಭ್ಯಾಸದಿಂದ ಎರಡು ಗ್ಲಾಸು ತೊಳೆದಿಡುತ್ತಿದ್ದ. ಎರಡು ಕುರ್ಚಿಗಳು ಎದುರುಬದುರು ಇರುತ್ತಿದ್ದವು. ಒಂದನ್ನು ಎತ್ತಿ ಒಳಗಿಡಲು ಅವನಿಗೆ ಕೈ ಬರಲಿಲ್ಲ.

ಮಹಾನವಮಿ ಅಮಾವಾಸ್ಯೆ ಹತ್ತಿರ ಬಂತು. ಆ ದಿನ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಅವರಿಗೆ ಸೇರುತ್ತಿದ್ದುದನ್ನೇ ಎಲೆಯ ಮೇಲಿಟ್ಟು, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಲ್ಲುತ್ತಾರೆ. ಹಿರಿಯರು ಬಂದು ಕಣ್ಣಿಗೆ ಬೀಳದಂತೆ ಉಂಡು ಹೋಗುತ್ತಾರೆ. ಉಳಿದದ್ದನ್ನು ಮನೆಯವರು ಪ್ರಸಾದವೆಂದು ಉಣ್ಣುತ್ತಾರೆ. ಕುಷ್ಟಗಿಯ ಪಾರಮ್ಮನ ಮನೆಯಲ್ಲಿ ಅವರ ಅಪ್ಪನಿಗೆ ಒಂದು ಗ್ಲಾಸು ಸೆರೆ, ಅವ್ವನಿಗೆ ಎಲೆ ಅಡಿಕೆ, ಕರಿಯವ್ವನಿಗೆ ಗೋಧಿ ಬೆಲ್ಲದ ಮಾದಲಿ. ಗಾದಿಲಿಂಗಪ್ಪ ಪ್ರತಿ ವರ್ಷ ಅಲ್ಲಿಗೇ ಹೋಗುವವನು. ಈ ಸಲ ಮೊದಲು ಫೋನು ಮಾಡಿದ.

"ಯಕ್ಕಾ, ನಮ್ಮ ಹಿರೇರ ಜೋಡಿ ಇನ್ನೊಬ್ರಿಗೆ ಎಡಿ ಇಡಬೇಕಾಗಿತ್ತು."

"ಯಾರಿಗೋ ತಮ್ಮಾ?"

"ಕ್ಲೌಸ್ ಸಾಹೇಬ್ರಿಗೆ."

ಪಾರಮ್ಮನಿಗೆ ಸಾಹೇಬರ ವಿಷಯ ಗೊತ್ತಿತ್ತು. ವರ್ಷಗಳಿಂದ ತಮ್ಮನ ಬಾಯಲ್ಲಿ ಅದೊಂದೇ ಹೆಸರು. "ಹುಚ್ಚಪ್ಪಾ, ಅಷ್ಟೆತ್ತರದ ಕೆಂಪು ಮನಷಾನ್ನ ನೋಡಿ ನಮ್ಮಪ್ಪ ಅಂಜಿ ಎಡಿ ಮುಟ್ಟದ ಓಡಿ ಹೋದಾನು," ಎಂದು ನಕ್ಕಳು. ತಮ್ಮ ನಗದಿದ್ದುದು ಕೇಳಿಸಿ ಮೆತ್ತಗಾದಳು. "ನಿನಗ ಅಷ್ಟು ಜೀವಾ ಇದ್ರ ನಿನ್ನ ಖೋಲ್ಯಾಗ ನೀನ ಇಡು. ದೋಸ್ತಿಗೆ ಕುಲ ಎಲ್ಲೈತಿ? ಅಂವಗೇನು ಸೇರತಿತ್ತು?"

"ಬಿಯರು. ಮೂರು ನಮೂನಿ ಬಾಟ್ಲಿ ಇಟ್ಟು ಹೋಗ್ಯಾರ. ಮೂರೂ ಇಟ್ಟುಬಿಡ್ಲೇನು?"

"ಬ್ಯಾಡ ಬ್ಯಾಡ. ಸಿಕ್ಕಿದ್ದೆಲ್ಲಾ ಇಡೂದು ದಿಕ್ಕಿಲ್ಲದ ಪರದೇಶಿಗೆ. ನಮ್ಮವರಿಗೆ ಅವರಿಗೆ ಸೇರಿದ್ದು ಒಂದ ಇಡಬೇಕು. ಅದು ಯಾವುದಂತ ನಿನಗ ಗೊತ್ತಿದ್ರ ಅಂವ ನಿನ್ನ ಮನಷಾ. ಗೊತ್ತಿಲ್ಲಂದ್ರ ಹಾದಿ ಮ್ಯಾಲಿನ ಮನಷಾ. ಎಡಿ ಇಡೂ ಉಸಾಬರಿನ ಬ್ಯಾಡ."

ಗಾದಿಲಿಂಗಪ್ಪನ ಎದೆ ಅಷ್ಟು ದಿನಗಳ ಮೇಲೆ ಹಗುರಾಯಿತು. "ಗೊತ್ತೈತಿ ಯಕ್ಕಾ," ಎಂದ. ಸ್ವಾಮಿ ಬಾಟಲಿ. ಅದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಅಳುವ ಹಕ್ಕು ಸಿಕ್ಕಿತು ಎನ್ನಿಸಿ ಆ ದಿನ ಹಿಂದಿನ ಖೋಲಿಗೆ ಹೋಗಿ ಚೆನ್ನಾಗಿ ಅತ್ತ.

ಎಡೆಗೆ ಒಂದು ಫೋಟೊ ಬೇಕಿತ್ತು. ಸುಭಾಷ್‌ಗೆ ಹೇಳಿದ. ಅಮಾವಾಸ್ಯೆಯ ಹಿಂದಿನ ಸಂಜೆ ಸುಭಾಷ್ ಕೊಪ್ಪಳದಲ್ಲಿ ಪ್ರಿಂಟ್ ಹಾಕಿಸಿದ ಫೋಟೊ ತಂದ. ಕ್ಲೌಸ್ ತನ್ನ ಮನೆಯ ಅಡುಗೆಮನೆಯಲ್ಲಿ ಕೈಯಲ್ಲಿ ಸೌಟು ಹಿಡಿದು ನಿಂತಿದ್ದ. ಈ ಸಲ ಸುಭಾಷ್ ಕೂತು ಚಹಾ ಕುಡಿದ. ಫೋಟೊ ಯಾರಿಗೆ ಬೇಕೆಂದು ಹೇಳಿ ಕ್ಲೌಸ್‌ನ ಮಗಳ ಜೊತೆ ಫೋನಿನಲ್ಲಿ ಮಾತಾಡಿದ್ದನಂತೆ.

"ಕಾಕಾ, ಆಕಿ ಏನ್ ಕೇಳಿದ್ಲು ಗೊತ್ತೇನು? ನಮ್ಮಪ್ಪಗ ಹಾಗಲಕಾಯಿ ತಿನಿಸಿ ತಿನಿಸಿ ಸಾಕು ಮಾಡಿದವ್ರು ಇವರ ಏನು ಅಂತ!" ಸುಭಾಷ್ ನಕ್ಕ.

"ಅವರಿಗೆ ಭಾಳ ಸೇರತಿತ್ತಲ್ರಿ," ಎಂದ ಗಾದಿಲಿಂಗಪ್ಪ.

"ಎಲ್ಲಿ ಸೇರತೈತಿ ಕಾಕಾ! ಸಣ್ಣಾಂವ ಇದ್ದಾಗಿಂದ ಅವರದೊಂದು ರೂಢಿ ಅಂತ. ಸೇರಲಾರದ್ದನ್ನ ಮೊದಲ ನುಂಗಿ ಮುಗಿಸಿಬಿಡೂದು, ಸೇರೂದನ್ನ ಕಡೀಕ ಇಟಗೊಂಡು ಆರಾಮ ತಿನ್ನೂದು. ನಾ ಲಗೂ ಲಗೂ ಮುಗಿಸಿದಷ್ಟೂ ಆ ಮನಷಾ ಇನ್ನೊಂದು ಸೌಟು ಹಾಕತಾನ, ಅಂವ ಮನಸಿಟ್ಟು ಮಾಡ್ಯಾನ, ಬ್ಯಾಡ ಅನ್ನಾಕ ನನಗ ಬಾಯಿ ಬರೂದಿಲ್ಲ ಅಂತ ಮನ್ಯಾಗ ಹೇಳಿ ಹೇಳಿ ನಗತಿದ್ರಂತ."

ಗಾದಿಲಿಂಗಪ್ಪನೂ ನಕ್ಕ. ನಗದೆ ಏನು ಮಾಡುತ್ತಾನೆ? ಅಷ್ಟು ವರ್ಷದ ಹಾಗಲಕಾಯಿ! ಸುಭಾಷ್ ಹೋದ ಮೇಲೂ ನಗುತ್ತಲೇ ಅಡುಗೆಮನೆಗೆ ಹೋಗಿ, ನಾಳೆಗೆಂದು ಸ್ವಾಮಿ ಬಾಟಲಿಯನ್ನು ಮುಂದೆ ತೆಗೆದಿಡಲು ಫ್ರಿಜ್ಜಿಗೆ ಕೈ ಹಾಕಿದ. ಬಾಟಲಿ ಕೈಗೆ ಬಂತು. ನಗು ಅಲ್ಲೇ ನಿಂತಿತು.

ಸ್ವಾಮಿ ಬಾಟಲಿಯೂ ಮೊದಲು ಖಾಲಿಯಾದದ್ದೇ.

ಅವನು ಫ್ರಿಜ್ಜಿನ ಬಾಗಿಲು ಮುಚ್ಚುವುದನ್ನೂ ಮರೆತು ನೆಲದ ಮೇಲೆ ಕೂತುಬಿಟ್ಟ. ಹಾಗಾದರೆ ಎರಡು ವರ್ಷ ಆ ಮನುಷ್ಯ ತನಗೆ ಸೇರದ್ದನ್ನು ಸಮುದ್ರ ದಾಟಿಸಿ ಹೊತ್ತು ತಂದ. ಯಾಕೆ? ಗಾದಿಲಿಂಗಪ್ಪನಿಗೆ ಸೇರುತ್ತದೆ ಎಂದು. ಗಾದಿಲಿಂಗಪ್ಪ ಅದನ್ನು ಯಾಕೆ ಕುಡಿದ? ಸಾಹೇಬರಿಗೆ ಸೇರುತ್ತದೆ ಎಂದು. ತಟ್ಟೆ ಸುಳ್ಳು ಹೇಳುವುದಿಲ್ಲ ಎಂದಿದ್ದ ಶಬ್ಬೀರಸಾಬ. ಸುಳ್ಳು ಹೇಳಲಿಲ್ಲ ನಿಜ, ಓದಿದವನಿಗೆ ಓದಲು ಬರಲಿಲ್ಲ. ಇನ್ನು ಗೊತ್ತೈತಿ ಎಂದು ಅಕ್ಕನಿಗೆ ಎದೆ ತಟ್ಟಿ ಹೇಳಿದ್ದು? ಅವನು ನನ್ನ ಮನುಷ್ಯನೋ ಹಾದಿಯ ಮೇಲಿನ ಮನುಷ್ಯನೋ? ಗಾದಿಲಿಂಗಪ್ಪನಿಗೆ ಆ ಖಾಲಿ ಗೆಸ್ಟ್‌ಹೌಸಿನಲ್ಲಿ ಅಂಥ ಒಂಟಿತನ ಯಾವತ್ತೂ ಆಗಿರಲಿಲ್ಲ, ಕ್ಲೌಸ್ ಸತ್ತ ಸುದ್ದಿ ಬಂದ ದಿನವೂ. ಸತ್ತವನು ಹೋದ, ಆದರೆ ಜೊತೆಗಿದ್ದ ಆ ಸಂಜೆಗಳನ್ನೂ ಯಾರೋ ಹಿಂದಕ್ಕೆ ಕೇಳಿದಂತಾಯಿತು.

ಕಣ್ಣು ಮುಚ್ಚಿ ಆ ಪರೀಕ್ಷೆಯ ಸಂಜೆಯನ್ನು ಮತ್ತೆ ನೆನೆದ. ಈ ಸಲ ತಟ್ಟೆ ನೋಡುವವನ ಹಾಗಲ್ಲ, ಎದುರಿಗೆ ಕೂತವನ ಹಾಗೆ. ಸ್ವಾಮಿಯನ್ನು ಕ್ಲೌಸ್ ನೀರು ಕುಡಿದಂತೆ ಕುಡಿದ. ಲುಂಗಿಯನ್ನು ಮಾತಾಡುತ್ತ ಮುಗಿಸಿದ. ಕರೇದನ್ನು? ಕರೇದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ. ನೊರೆ ಇಳಿದುಹೋಗಿತ್ತು. ಮೂಗಿಗೆ ಹಿಡಿಯುತ್ತಿದ್ದ, ಒಂದಿಷ್ಟು ಕುಡಿಯುತ್ತಿದ್ದ, ಕೆಳಗಿಡದೆ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಊಟಕ್ಕೆ ಕರೆದರೂ ಏಳಲಿಲ್ಲ. ಹುಗ್ಗಿಯನ್ನು ತಿನ್ನುತ್ತಿದ್ದದ್ದೂ ಹಾಗೆಯೇ, ಕಟ್ಟಕಡೆಗೆ, ಚಮಚದ ತುದಿಯಲ್ಲಿ, ಮುಗಿದರೆ ಹೇಗೆ ಎಂಬಂತೆ.

ಕರೇದು. ಅವನಿಗೆ ಸೇರಿದ್ದು ಕರೇದು.

ಅಷ್ಟಕ್ಕೇ ಮುಗಿದಿದ್ದರೆ ಸಮಾಧಾನವಾಗುತ್ತಿತ್ತು. ಆದರೆ ಅದರ ಹಿಂದೆಯೇ, ಯಾರೂ ಕರೆಯದೆ, ಇನ್ನೊಂದು ನೆನಪು ಬಂತು. ಆ ಸಂಜೆ ಕರೇದರ ಮೊದಲ ಗುಟುಕು ಬಾಯಿಗೆ ಹೋದಾಗ ಗಾದಿಲಿಂಗಪ್ಪನ ಮೈ ಝುಂ ಎಂದಿತ್ತು. ಮಾದಲಿಗೆಂದು ಕರಿಯವ್ವ ಗೋಧಿ ಹುರಿಯುವಾಗ, ಕಾಳು ಕೆಂಪಾಗಿ ಇನ್ನೇನು ಸೀಯಬೇಕು ಎನ್ನುವಷ್ಟರಲ್ಲಿ ಏಳುತ್ತಿದ್ದ ಆ ವಾಸನೆ, ಅದರೊಳಗೆ ಮಾಗಿದ ಬಾಳೆಹಣ್ಣು, ಒಂದಿಷ್ಟು ಲವಂಗ. ಇದು ನನಗೆ ಬೇಕು ಎಂದು ಅವನ ಜೀವ ಬಾಯಿಬಿಟ್ಟು ಹೇಳಿತ್ತು. "ಯಾವ್ದು?" ಎಂದು ಒಬ್ಬ ಮನುಷ್ಯ ಎದುರಿಗೆ ಕೂತು ಕೇಳುತ್ತಿದ್ದ. ಜನ್ಮದಲ್ಲಿ ಮೊದಲ ಸಲ. ಹೇಳಬೇಕಾದದ್ದು ಒಂದೇ ಮಾತು. ಗಾದಿಲಿಂಗಪ್ಪ ಆ ಹೊತ್ತಿನಲ್ಲಿ ತನ್ನ ನಾಲಿಗೆಯನ್ನು ಬಿಟ್ಟು ಅವನ ಗ್ಲಾಸನ್ನು ನೋಡಿದ್ದ.

ಎರಡು ವರ್ಷ ಇಬ್ಬರೂ ಒಂದನ್ನೇ ಬಯಸಿ, ಇನ್ನೊಂದನ್ನು ಕುಡಿದರು. ಕ್ಲೌಸ್‌ಗೆ ಕೊನೆಕೊನೆಗೆ ಗುಮಾನಿ ಬಂದಿತ್ತು. ಈ ಸಲ ನಾನು ಕುಡಿಯುವುದಿಲ್ಲ, ನೀನೊಬ್ಬನೇ ಕುಡಿದು ಹೇಳು ಎಂದದ್ದು ಅದಕ್ಕೇ. ಅದು ಈಗ ತಿಳಿಯಿತು.

ಅಮಾವಾಸ್ಯೆಯ ದಿನ ಗಾದಿಲಿಂಗಪ್ಪ ಕುಷ್ಟಗಿಗೆ ಹೋಗಲಿಲ್ಲ. ತಲೆಗೆ ನೀರು ಹಾಕಿಕೊಂಡು ಹುಗ್ಗಿ ಮಾಡಿದ. ಹಾಗಲಕಾಯಿಯನ್ನು ಮನೆಯ ಹತ್ತಿರವೂ ತರಲಿಲ್ಲ. ಎಡೆಯನ್ನು ನೆಲದ ಮೇಲಿಡುವುದು ಪದ್ಧತಿ, ಆದರೆ ಆ ಉದ್ದ ಕಾಲಿನ ಮನುಷ್ಯ ನೆಲದ ಮೇಲೆ ಕೂರಲಾರ ಎಂದು ಮೇಜಿನ ಮೇಲೇ ಬಾಳೆಲೆ ಹಾಸಿದ. ಫೋಟೊ ಇಟ್ಟು, ವಿಭೂತಿ ಹಚ್ಚಲೋ ಬೇಡವೋ ಎಂದು ಯೋಚಿಸಿ ಒಂದು ಹೂ ಮಾತ್ರ ಇಟ್ಟ. ಎಲೆಯ ಮೇಲೆ ಹುಗ್ಗಿ, ಹಾಲು, ತುಪ್ಪ. ಆಮೇಲೆ ಕರೇ ಬಾಟಲಿಯನ್ನು ತೆಗೆದ. ಗ್ಲಾಸನ್ನು ಓರೆ ಹಿಡಿದು ಸಾವಕಾಶ ಸುರಿದ, ಕೊನೆಯ ಗುಟುಕು ಉಳಿಸಿದ, ಬಾಟಲಿಯನ್ನು ಅಂಗೈಗಳ ನಡುವೆ ಹೊರಳಿಸಿ ಗಸಿ ಎಬ್ಬಿಸಿ ನೊರೆಯ ಮೇಲೆ ಹೊಯ್ದ. ಒಂದು ಹನಿಯೂ ಚೆಲ್ಲಲಿಲ್ಲ.

"ಉಣ್ರಿ ಸಾಹೇಬ್ರ," ಎಂದು ಹೇಳಿ, ಬಾಗಿಲು ಮುಂದೆ ಮಾಡಿ ಹೊರಗೆ ಬಂದ.

ಬೇರೆಯವರ ಮನೆಗಳಲ್ಲಿ ಈ ಹೊತ್ತಿಗೆ ಬಾಗಿಲ ಹೊರಗೆ ಗಂಡಸರು ಹೆಂಗಸರು ಮಕ್ಕಳು ಗುಂಪಾಗಿ ನಿಂತಿರುತ್ತಾರೆ. ಮಕ್ಕಳು ಕಿಂಡಿಯಲ್ಲಿ ಇಣುಕಲು ಹೋಗಿ ಬೈಸಿಕೊಳ್ಳುತ್ತಾರೆ. ಇವನು ಒಬ್ಬನೇ ಪಡಸಾಲೆಯ ಕಂಬಕ್ಕೆ ಒರಗಿ ನಿಂತ. ಅಂಗಳದ ಬೇವಿನ ಗಿಡದ ಎಲೆಗಳ ಮೇಲೆ ಕಪ್ಪು ಧೂಳು ಕೂತಿತ್ತು. ಗೂಡ್ಸ್ ಗಾಡಿ ಬಂತು, ಪೂರ್ತಿ ಹೋಗುವವರೆಗೆ ನೋಡಿದ. ಒಳಗೆ ಏನೂ ಸದ್ದಾಗಲಿಲ್ಲ. ಸದ್ದಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಆದರೂ ಕಿವಿಗೊಟ್ಟ. ಆಮೇಲೆ, ಒಳಗಿದ್ದವರಿಗೆ ಏಳಲು ಸಮಯ ಕೊಡಬೇಕೆಂದು ಪದ್ಧತಿಯ ಪ್ರಕಾರ ಕೆಮ್ಮಿ, ಬಾಗಿಲು ತೆರೆದ.

ಎಲ್ಲವೂ ಇಟ್ಟ ಹಾಗೇ ಇತ್ತು. ನೊರೆ ಮಾತ್ರ ಇಳಿದುಹೋಗಿತ್ತು, ಆ ಪರೀಕ್ಷೆಯ ಸಂಜೆ ಕ್ಲೌಸ್ ಕೈಯಲ್ಲಿ ಬಹಳ ಹೊತ್ತು ಇದ್ದು ಇಳಿದಿದ್ದ ಹಾಗೆ.

ಪ್ರಸಾದವನ್ನು ಮನೆಯವರು ಉಣ್ಣಬೇಕು. ಮನೆಯವನು ಎಂದರೆ ಅವನೇ. ಗಾದಿಲಿಂಗಪ್ಪ ಎದುರಿನ ಕುರ್ಚಿಯನ್ನು ಎಳೆದುಕೊಂಡ. ಅಂಚಿನ ಮೇಲಲ್ಲ, ಬೆನ್ನು ಆನಿಸಿ ಪೂರ್ತಿ ಕೂತ. ಗ್ಲಾಸನ್ನು ಎರಡೂ ಕೈಯಲ್ಲಿ ಎತ್ತಿ ಒಂದು ಗುಟುಕು ಕುಡಿದ. ಹುರಿದ ಗೋಧಿ, ಮಾಗಿದ ಬಾಳೆಹಣ್ಣು, ಲವಂಗ. ಅಭ್ಯಾಸಬಲದಿಂದ ಕಣ್ಣು ಎದುರಿನವನ ಗ್ಲಾಸು ಹುಡುಕಿತು. ಅಲ್ಲಿ ಗ್ಲಾಸು ಇರಲಿಲ್ಲ.

"ಇದ ರೀ ಸಾಹೇಬ್ರ," ಎಂದ. ಖಾಲಿ ಕೋಣೆಯಲ್ಲಿ ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು. "ಕರೇದು. ಮೊದಲಿಂದೂ ನನಗ ಇದ ಸೇರತಿತ್ತು."

ಛಲೋ ಎನ್ನುವವರು ಯಾರೂ ಇರಲಿಲ್ಲ. ಗಾದಿಲಿಂಗಪ್ಪ ಗ್ಲಾಸನ್ನು ಕೆಳಗಿಡದೆ ತೊಡೆಯ ಮೇಲಿಟ್ಟುಕೊಂಡ, ಹೊತ್ತು ಇಳಿಯುವವರೆಗೂ ಅದನ್ನು ಸ್ವಲ್ಪಸ್ವಲ್ಪವೇ ಕುಡಿಯುತ್ತ ಕೂತ.